ಫೋನ್ ಕಂಪನಿಯದಾಗಿರಲಿ, ನಂಬರ್ ಮಾತ್ರ ನಿಮ್ಮದೇ ಇರಲಿ

ಹೊಸ ಕೆಲಸಕ್ಕೆ ಸೇರಿದ ಮೊದಲ ವಾರ ಕಂಪನಿಯವರು ಲ್ಯಾಪ್‌ಟಾಪ್ ಜೊತೆಗೆ ಒಂದು ಫೋನನ್ನೂ ಕೈಗಿಡುತ್ತಾರೆ. ಆಗ ಹಲವರಿಗೆ ಬರುವ ಮೊದಲ ಯೋಚನೆ, ‘ಇನ್ನು ನನ್ನ ಸಿಮ್ ಯಾಕೆ? ತಿಂಗಳ ಬಿಲ್ ಉಳಿಯಿತಲ್ಲ!’ ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಗಾದೆ ಕೇಳಿ ಬೆಳೆದವರು ನಾವು. ಈ ಯೋಚನೆ ಬರುವುದು ಸಹಜವೇ. ಆದರೆ ಹಣಕಾಸಿನ ದೃಷ್ಟಿಯಿಂದ ನೋಡಿದರೆ ತಿಂಗಳಿಗೆ ಇಪ್ಪತ್ತು ಡಾಲರ್ ಉಳಿಸಲು ನಮ್ಮ ಇಡೀ ಗಂಟಿನ ಬೀಗದ ಕೈಯನ್ನು ಬೇರೆಯವರ ಹೆಸರಿಗೆ ಬರೆದುಕೊಟ್ಟಂತೆ ಇದು.

ಈ ಬ್ಲಾಗಿನಲ್ಲಿ ಷೇರು, ಸೂಪರ್, ಮನೆ ಸಾಲಗಳ ಬಗ್ಗೆ ಬರೆಯುವಾಗ ಫೋನಿನ ಮಾತು ಬರುವುದು ಕಡಿಮೆ. ಆದರೆ ಅವೆಲ್ಲಕ್ಕೂ ಬಾಗಿಲು ಈಗ ಒಂದೇ, ಫೋನಿಗೆ ಬರುವ ಆರು ಅಂಕಿಯ ಒಟಿಪಿ. ಹಾಗಾಗಿ ಇವತ್ತು ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ದುಡಿಯುವ ನಮ್ಮವರು ಕೆಲಸದ ಫೋನನ್ನು ಹೇಗೆ ಆರಿಸಬೇಕು, ಹೇಗೆ ಇಟ್ಟುಕೊಳ್ಳಬೇಕು ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಒಂದೇ ಸಾಲಿನಲ್ಲಿ ಹೇಳಬೇಕೆಂದರೆ, ಕಂಪನಿ ಫೋನ್ ಕೊಟ್ಟರೆ ಧಾರಾಳವಾಗಿ ತೆಗೆದುಕೊಳ್ಳಿ, ಆದರೆ ಸ್ವಂತ ನಂಬರನ್ನು ಯಾವ ಕಾರಣಕ್ಕೂ ಬಿಡಬೇಡಿ.

ನಂಬರ್ ಯಾರ ಹೆಸರಿನಲ್ಲಿದೆ?

ಕಂಪನಿ ಕೊಟ್ಟ ಸಿಮ್ಮಿನ ಗ್ರಾಹಕ ಕಂಪನಿ, ನೀವಲ್ಲ. ಟೆಲ್‌ಸ್ಟ್ರಾ ಆಗಲಿ, ಆಪ್ಟಸ್ ಆಗಲಿ, ವೊಡಾಫೋನ್ ಆಗಲಿ, ಆ ನಂಬರಿನ ಬಗ್ಗೆ ಮಾತಾಡುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಜೊತೆ ಮಾತ್ರ. ಈ ದೇಶದಲ್ಲಿ 2001ರಿಂದ ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ಇದೆ, ನಿಜ. ಆದರೆ ಆ ಹಕ್ಕು ಇರುವುದು ಖಾತೆದಾರರಿಗೆ. ಕೆಲಸ ಬಿಡುವಾಗ ‘ಈ ನಂಬರ್ ನನಗೆ ಬೇಕು’ ಎಂದು ಕೇಳಬಹುದು, ಒಳ್ಳೆಯ ಕಂಪನಿಗಳು ಕೊಡಲೂಬಹುದು. ಕೊಡಲೇಬೇಕೆಂದು ನೀವು ಪಟ್ಟು ಹಿಡಿಯಲು ಬರುವುದಿಲ್ಲ.

ಈಗ ಒಂದು ಸನ್ನಿವೇಶ ಯೋಚಿಸಿ. ಪರಮಟ್ಟಾದಲ್ಲಿ ಆಫೀಸು, ವೆಂಟ್‌ವರ್ತ್‌ವಿಲ್‌ನಲ್ಲಿ ಬಾಡಿಗೆ ಮನೆ, 482 ವೀಸಾ. ಐದು ವರ್ಷದಿಂದ ಕಂಪನಿಯ ನಂಬರೇ ನಿಮ್ಮ ನಂಬರ್. ಒಂದು ಗುರುವಾರ ಮಧ್ಯಾಹ್ನ ಎಚ್‌ಆರ್‌ನವರು ಕರೆದು ನಿಮ್ಮ ಹುದ್ದೆ ರದ್ದಾಗಿದೆ ಎನ್ನುತ್ತಾರೆ. ಅಂದೇ ಸಂಜೆ ಲ್ಯಾಪ್‌ಟಾಪ್, ಪಾಸ್, ಫೋನ್ ಮೂರನ್ನೂ ಒಪ್ಪಿಸಿ ಹೊರಬರುತ್ತೀರಿ. ಸ್ಪಾನ್ಸರ್ ಮಾಡಿದ ಕೆಲಸ ಹೋದರೆ ಹೊಸ ಸ್ಪಾನ್ಸರ್ ಹುಡುಕಲು 2024ರ ಜುಲೈ 1ರಿಂದ ಒಂದು ಸಲಕ್ಕೆ 180 ದಿನಗಳ ಅವಕಾಶ ಇದೆ. ಆ ಗಡಿಯಾರ ಓಡಲು ಶುರುವಾದ ದಿನವೇ ನಿಮ್ಮ ಬ್ಯಾಂಕಿನ ಒಟಿಪಿ, ಮೈಗವ್ ಖಾತೆಯ ಕೋಡ್, ಸೂಪರ್ ಫಂಡಿನ ಲಾಗಿನ್, ರಿಕ್ರೂಟರ್‌ಗಳ ಬಳಿ ಇರುವ ನಿಮ್ಮ ರೆಸ್ಯೂಮೆಯ ನಂಬರ್, ಎಲ್ಲವೂ ಬೇರೊಬ್ಬರ ಮೇಜಿನ ಡ್ರಾಯರಿನಲ್ಲಿ. ಆಪತ್ಕಾಲಕ್ಕೆಂದು ಉಳಿಸಿಟ್ಟ ದುಡ್ಡು ಇದೆ, ಆದರೆ ಅದನ್ನು ತೆಗೆಯಬೇಕಾದರೆ ಕೋಡ್ ಬರಬೇಕಾದ ಫೋನ್ ಇಲ್ಲ.

ಬ್ಯಾಂಕಿಗೆ ಹೋಗಿ ಪಾಸ್‌ಪೋರ್ಟ್ ತೋರಿಸಿ ಸರಿಮಾಡಿಸಿಕೊಳ್ಳಬಹುದು ಎನ್ನಬಹುದು. ಇಲ್ಲಿನ ಬ್ಯಾಂಕಿಗೆ ಆಯಿತು. ಊರಿನ ಬ್ಯಾಂಕಿಗೆ?

ಊರಿನ ಖಾತೆಗಳ ಕಥೆ

ನಮ್ಮಂಥವರ ತೊಂದರೆ ಇಲ್ಲಿನ ಸಹೋದ್ಯೋಗಿಗಳಿಗಿಂತ ದೊಡ್ಡದಾಗುವುದು ಇಲ್ಲೇ. ನಮ್ಮ ಹಣ ಎರಡು ದೇಶಗಳಲ್ಲಿದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಎನ್‌ಆರ್‌ಇ ಖಾತೆ, ಮ್ಯೂಚುವಲ್ ಫಂಡ್, ಅಪ್ಪ ಅಮ್ಮನ ಆರೋಗ್ಯ ವಿಮೆಯ ಕಂತು, ಸೈಟಿನ ಕಂದಾಯ ಎಲ್ಲ ಇರುತ್ತವೆ. ಹಲವು ಭಾರತೀಯ ಬ್ಯಾಂಕುಗಳು ಈಗ ವಿದೇಶಿ ನಂಬರಿಗೂ ಒಟಿಪಿ ಕಳಿಸುತ್ತವೆ. 2023ರ ಜನವರಿಯಲ್ಲಿ ಎನ್‌ಪಿಸಿಐ ಆಸ್ಟ್ರೇಲಿಯಾ ಸೇರಿದಂತೆ ಹತ್ತು ದೇಶಗಳ ನಂಬರುಗಳನ್ನು ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳ ಜೊತೆ ಯುಪಿಐಗೆ ಬಳಸಲು ದಾರಿ ಮಾಡಿಕೊಟ್ಟಿತು. ಅನುಕೂಲವೇ. ಆದರೆ ಬ್ಯಾಂಕಿಗೆ ಕೊಡುವ ಆ ಆಸ್ಟ್ರೇಲಿಯಾ ನಂಬರ್ ಯಾರದು ಎಂಬ ಪ್ರಶ್ನೆಯನ್ನು ಬ್ಯಾಂಕ್ ಕೇಳುವುದಿಲ್ಲ. ನಾವೇ ಕೇಳಿಕೊಳ್ಳಬೇಕು. ನೀವು ಬಿಟ್ಟುಕೊಟ್ಟ ನಂಬರ್ ನಾಳೆ ಆ ಹುದ್ದೆಗೆ ಬಂದ ಇನ್ನೊಬ್ಬರ ಕೈಗೆ ಹೋಗಬಹುದು. ನಿಮ್ಮ ಖಾತೆಯ ಒಟಿಪಿ ಅವರ ಪರದೆಯ ಮೇಲೆ ಬೀಳಬಹುದು.

ಇಂಡಿಯಾ ಸಿಮ್ಮನ್ನೇ ಉಳಿಸಿಕೊಂಡವರಿಗೂ ಒಂದು ಮಾತು. ಟ್ರಾಯ್ ನಿಯಮದ ಪ್ರಕಾರ 90 ದಿನ ಬಳಕೆಯೇ ಇಲ್ಲದ ಪ್ರಿಪೇಯ್ಡ್ ಸಿಮ್ ನಿಂತುಹೋಗಬಹುದು. ಡ್ರಾಯರಿನಲ್ಲಿ ಮಲಗಿಸಿಟ್ಟ ಸಿಮ್ ಬದುಕಿದೆ ಎಂದು ನಂಬಿ ಕೂರಬೇಡಿ. ಕ್ಯಾಲೆಂಡರಿನಲ್ಲಿ ಒಂದು ನೆನಪೋಲೆ ಹಾಕಿ, ರೀಚಾರ್ಜ್ ಮಾಡಿ, ತಿಂಗಳಿಗೊಮ್ಮೆ ಒಂದು ಮೆಸೇಜ್ ಬರುತ್ತದೆಯೇ ನೋಡಿ. ಈ ಸಿಮ್ ಇರಬೇಕಾದ ಜಾಗ ನಿಮ್ಮ ಸ್ವಂತ ಫೋನಿನ ಎರಡನೆಯ ಸಿಮ್ ಕಿಂಡಿ. ಕಂಪನಿಯ ಫೋನಿನಲ್ಲಿ ಅದಕ್ಕೆ ಏನೂ ಕೆಲಸವಿಲ್ಲ.

ಸ್ವಂತ ಫೋನಿನಲ್ಲಿ ಆಫೀಸು

ಇದರ ಇನ್ನೊಂದು ಮಗ್ಗುಲು, ಕಂಪನಿ ಫೋನ್ ಕೊಡದೆ ‘ನಿಮ್ಮ ಫೋನಿನಲ್ಲೇ ಮೇಲ್, ಟೀಮ್ಸ್ ಹಾಕಿಕೊಳ್ಳಿ’ ಎನ್ನುವುದು. ಹಾಕುವಾಗ ಒಂದು ಮ್ಯಾನೇಜ್‌ಮೆಂಟ್ ಆಪ್ ಅನುಮತಿ ಕೇಳುತ್ತದೆ. ನಾವು ಓದದೆ ‘ಒಪ್ಪಿದೆ’ ಒತ್ತುತ್ತೇವೆ.

ಇಲ್ಲಿ ಎರಡು ಬಗೆ ಇವೆ, ವ್ಯತ್ಯಾಸ ತಿಳಿದಿರಲಿ. ಮೊದಲನೆಯದರಲ್ಲಿ ಫೋನಿನೊಳಗೆ ಆಫೀಸಿಗೆ ಒಂದು ಪ್ರತ್ಯೇಕ ಕೋಣೆ ಕಟ್ಟುತ್ತಾರೆ. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ವರ್ಕ್ ಪ್ರೊಫೈಲ್ ಎನ್ನುತ್ತಾರೆ, ಐಫೋನಿನಲ್ಲೂ ಇದೇ ತರಹದ ವ್ಯವಸ್ಥೆ ಇದೆ. ಕೆಲಸ ಬಿಟ್ಟಾಗ ಕಂಪನಿ ಆ ಕೋಣೆಯನ್ನಷ್ಟೇ ಖಾಲಿ ಮಾಡುತ್ತದೆ, ನಿಮ್ಮ ಫೋಟೋ, ವಾಟ್ಸ್‌ಆಪ್‌ಗೆ ಕೈ ಹಾಕುವುದಿಲ್ಲ. ಎರಡನೆಯದರಲ್ಲಿ ಇಡೀ ಫೋನ್ ಕಂಪನಿಯ ಹಿಡಿತಕ್ಕೆ ಹೋಗುತ್ತದೆ. ಯಾವ ಆಪ್ ಇವೆ ಎಂಬುದು ಅವರಿಗೆ ಕಾಣಬಹುದು, ಬೇಕೆಂದರೆ ದೂರದಿಂದಲೇ ಪೂರ್ತಿ ಅಳಿಸಲೂಬಹುದು. ಕಂಪನಿಯೇ ಕೊಂಡುಕೊಟ್ಟ ಫೋನಿಗೆ ಇದು ಸರಿ. ನೀವು ದುಡ್ಡು ಕೊಟ್ಟು ಕೊಂಡ ಫೋನಿಗೆ, ಅದೂ ನಿಮ್ಮ ಬ್ಯಾಂಕ್ ಆಪ್, ಮೈಐಡಿ, ಅಥೆಂಟಿಕೇಟರ್ ಇರುವ ಫೋನಿಗೆ, ಇದು ಸರಿಯಲ್ಲ. ಐಟಿ ವಿಭಾಗಕ್ಕೆ ಒಂದು ಮೇಲ್ ಬರೆದು ‘ನೀವು ಅಳಿಸುವುದು ಇಡೀ ಫೋನನ್ನೋ, ಆಫೀಸಿನ ಭಾಗವನ್ನಷ್ಟೇಯೋ’ ಎಂದು ಕೇಳಿ. ಉತ್ತರ ಬರಹದಲ್ಲಿ ಇರಲಿ. ಇಡೀ ಫೋನ್ ಎಂದರೆ, ಕಂಪನಿ ಫೋನ್ ಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕಾನೂನು ನೀವಿರುವ ಊರಿನ ಮೇಲೆ ಬದಲಾಗುತ್ತದೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ 2005ರ ಕಾಯ್ದೆಯ ಪ್ರಕಾರ ಉದ್ಯೋಗಿಯ ಕಂಪ್ಯೂಟರ್ ಬಳಕೆ, ಇರುವ ಜಾಗ ಇತ್ಯಾದಿಗಳ ಮೇಲೆ ಕಣ್ಣಿಡಬೇಕಾದರೆ ಸಾಮಾನ್ಯವಾಗಿ 14 ದಿನ ಮುಂಚೆ ಬರಹದಲ್ಲಿ ತಿಳಿಸಬೇಕು. ಮೆಲ್ಬರ್ನ್‌ನಲ್ಲಿ ಇಂಥದ್ದೇ ಪ್ರತ್ಯೇಕ ನೋಟಿಸ್ ಕಾಯ್ದೆ ಇಲ್ಲ. ಅಲ್ಲಿಯವರು ತಾವೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನು ಕೆಲಸದ ಹೊತ್ತು. 2024ರ ಆಗಸ್ಟ್ 26ರಿಂದ ಕೆಲಸದ ಸಮಯದ ಆಚೆ ಬರುವ ಕರೆ, ಮೆಸೇಜುಗಳಿಗೆ ಉತ್ತರಿಸದೆ ಇರುವ ಹಕ್ಕು ಇಲ್ಲಿನ ಉದ್ಯೋಗಿಗಳಿಗೆ ಸಿಕ್ಕಿದೆ. ಹದಿನೈದಕ್ಕಿಂತ ಕಡಿಮೆ ಜನರಿರುವ ಸಣ್ಣ ಉದ್ಯಮಗಳಿಗೆ ಇದು 2025ರ ಆಗಸ್ಟ್ 26ರಿಂದ ಅನ್ವಯ. ಆದರೆ ಇದು ಬೇಷರತ್ ಹಕ್ಕಲ್ಲ, ನಿರಾಕರಣೆ ಅಸಮಂಜಸ ಆಗಿರಬಾರದು. ಬೆಂಗಳೂರಿನ ತಂಡದ ಜೊತೆ ಕೆಲಸ ಮಾಡುವವರಿಗೆ ಇದರ ಕಷ್ಟ ಗೊತ್ತು. ಅಲ್ಲಿ ಸಂಜೆ ಐದು ಗಂಟೆಗೆ ‘ಒಂದು ಸಣ್ಣ ಡೌಟು’ ಎಂದು ಬರುವ ಮೆಸೇಜ್ ಇಲ್ಲಿ ಚಳಿಗಾಲದಲ್ಲಿ ಒಂಬತ್ತೂವರೆಗೆ, ಬೇಸಿಗೆಯಲ್ಲಿ ಹತ್ತೂವರೆಗೆ ಮುಟ್ಟುತ್ತದೆ. ಕೆಲಸದ ಫೋನ್ ಬೇರೆ ಇದ್ದರೆ ಅದನ್ನು ಹಾಲಿನಲ್ಲಿ ಚಾರ್ಜಿಗೆ ಹಾಕಿ ಮಲಗಬಹುದು. ಒಂದೇ ಫೋನಾದರೆ ಊರಿನಿಂದ ಅಮ್ಮನ ಕರೆ ಬಂದೀತೆಂದು ಅದನ್ನು ಆಫ್ ಮಾಡಲೂ ಆಗುವುದಿಲ್ಲ.

ತೆರಿಗೆಯ ಲೆಕ್ಕ

ಈಗ ನಿಮಗೆ ಇಷ್ಟವಾದ ಭಾಗಕ್ಕೆ ಬರೋಣ. ಕೆಲಸಕ್ಕೆ ಫೋನ್ ಪಡೆಯಲು ಮೂರು ದಾರಿ.

ಮೊದಲನೆಯದು, ಕಂಪನಿ ಕೊಂಡುಕೊಡುವುದು. ಮುಖ್ಯವಾಗಿ ಕೆಲಸಕ್ಕೇ ಬಳಸುವ ಫೋನಿಗೆ ಎಫ್‌ಬಿಟಿ ವಿನಾಯಿತಿ ಇದೆ. ನಿಮಗೆ ಖರ್ಚಿಲ್ಲ, ತೆರಿಗೆಯೂ ಇಲ್ಲ. ಎಲ್ಲಕ್ಕಿಂತ ಒಳ್ಳೆಯದು ಇದೇ.

ಎರಡನೆಯದು, ಸ್ಯಾಲರಿ ಸ್ಯಾಕ್ರಿಫೈಸ್. ತೆರಿಗೆ ಕಟ್ಟುವ ಮುಂಚಿನ ಸಂಬಳದಿಂದ ಫೋನ್ ಕೊಳ್ಳುವುದು. ನಿಮ್ಮ ಆದಾಯ 45,001ರಿಂದ 135,000 ಡಾಲರಿನೊಳಗೆ ಇದ್ದರೆ ಮೇಲಿನ ಸ್ತರದ ತೆರಿಗೆ 30%, ಮೆಡಿಕೇರ್ ಲೆವಿ 2%, ಒಟ್ಟು 32%. ಅಂದರೆ 1,500 ಡಾಲರಿನ ಫೋನಿಗೆ 480 ಡಾಲರ್ ಉಳಿತಾಯ, ಕೈಯಿಂದ ಹೋಗುವುದು 1,020. ಇಲ್ಲೂ ಷರತ್ತು ಅದೇ, ಬಳಕೆ ಮುಖ್ಯವಾಗಿ ಕೆಲಸಕ್ಕೆ ಇರಬೇಕು. ದೊಡ್ಡ ಕಂಪನಿಗಳಲ್ಲಿ ಒಂದು ಎಫ್‌ಬಿಟಿ ವರ್ಷಕ್ಕೆ, ಅಂದರೆ ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ, ಒಂದೇ ಬಗೆಯ ಸಾಧನ ಒಂದೇ. ಹಾಳಾದದ್ದರ ಬದಲಿಗೆ ಇನ್ನೊಂದು ಕೊಳ್ಳಬಹುದು.

ಮೂರನೆಯದು, ಸ್ವಂತ ದುಡ್ಡಿನಲ್ಲಿ ಕೊಂಡು ಕೆಲಸದ ಪಾಲನ್ನು ತೆರಿಗೆಯಲ್ಲಿ ಕಡಿತ ಮಾಡಿಸುವುದು. 300 ಡಾಲರ್ ಮೀರಿದ ಫೋನಿನ ಬೆಲೆಯನ್ನು ಉದ್ಯೋಗಿಗಳು ಒಂದೇ ವರ್ಷ ತೋರಿಸುವಂತಿಲ್ಲ. ಎಟಿಒ ಲೆಕ್ಕದಲ್ಲಿ ಮೊಬೈಲ್ ಫೋನಿನ ಆಯುಷ್ಯ ಮೂರು ವರ್ಷ. 1,500 ಡಾಲರಿನ ಫೋನ್, 60% ಕೆಲಸಕ್ಕೆ ಎಂದರೆ ವರ್ಷಕ್ಕೆ 500ರಲ್ಲಿ 300 ಡಾಲರ್ ಸವಕಳಿ ಕಡಿತ. 32% ಸ್ತರದಲ್ಲಿ ಉಳಿಯುವುದು ವರ್ಷಕ್ಕೆ 96, ಮೂರು ವರ್ಷಕ್ಕೆ 288. ಅದೇ ಫೋನಿಗೆ ಸ್ಯಾಲರಿ ಸ್ಯಾಕ್ರಿಫೈಸ್ ಕೊಟ್ಟದ್ದು 480. ಎರಡೂ ಕಡೆ ತಿನ್ನಲು ಬರುವುದಿಲ್ಲ, ಎಫ್‌ಬಿಟಿ ವಿನಾಯಿತಿಯಲ್ಲಿ ಪಡೆದ ಫೋನಿಗೆ ಮತ್ತೆ ಸವಕಳಿ ಕೇಳುವಂತಿಲ್ಲ.

ತಿಂಗಳ ಬಿಲ್ಲಿನ ವಿಷಯದಲ್ಲಿ ಎಡವುವವರು ಬಹಳ. ಮನೆಯಿಂದ ಕೆಲಸಕ್ಕೆ ನಿಗದಿತ ದರದ ವಿಧಾನ ಬಳಸುವವರಿಗೆ 2024ರ ಜುಲೈ 1ರಿಂದ ಗಂಟೆಗೆ 70 ಸೆಂಟ್. ಆ 70 ಸೆಂಟಿನಲ್ಲಿ ಫೋನ್ ಮತ್ತು ಇಂಟರ್ನೆಟ್ ಬಳಕೆಯ ಖರ್ಚು ಸೇರಿಕೊಂಡಿದೆ. ಅದನ್ನು ತೆಗೆದುಕೊಂಡ ಮೇಲೆ ಫೋನ್ ಬಿಲ್ಲನ್ನು ಬೇರೆಯಾಗಿ ಕೇಳಬಾರದು. ಫೋನಿನ ಸವಕಳಿ ಮಾತ್ರ ಬೇರೆ ಕೇಳಬಹುದು. ನಿಜವಾದ ಖರ್ಚಿನ ವಿಧಾನ ಹಿಡಿಯುವವರು ನಾಲ್ಕು ವಾರಗಳ ಬಳಕೆಯನ್ನು ಬರೆದಿಟ್ಟು ಅದರಿಂದ ವರ್ಷದ ಪಾಲನ್ನು ಲೆಕ್ಕ ಹಾಕಬಹುದು.

ಇಷ್ಟೆಲ್ಲ ಲೆಕ್ಕದ ಒಟ್ಟು ಮೊತ್ತ ನೋಡಿ, ಕೆಲವು ನೂರು ಡಾಲರ್. ಬ್ಯಾಂಕ್ ಖಾತೆಗೆ ಬೀಗ ಬಿದ್ದು ಮನೆ ಸಾಲದ ಕಂತು ತಪ್ಪಿದರೆ, ಊರಿನ ಎಫ್‌ಡಿ ಮುರಿಸಲು ವಿಮಾನ ಹತ್ತಬೇಕಾಗಿ ಬಂದರೆ, ಈ ಉಳಿತಾಯ ಎಲ್ಲಿಗೂ ಸಾಲದು. ತೆರಿಗೆ ಉಳಿಸುವುದು ಒಳ್ಳೆಯದೇ, ಆದರೆ ಅದು ಎರಡನೆಯ ಪ್ರಶ್ನೆ.

ಯಾವ ಫೋನ್?

ಬ್ರ್ಯಾಂಡ್ ಜಗಳಕ್ಕೆ ನಾನು ಇಳಿಯುವುದಿಲ್ಲ. ನಾನು ನೋಡುವುದು ಎರಡೇ ಅಂಶ.

ಒಂದು, ಭದ್ರತಾ ಅಪ್‌ಡೇಟ್ ಇನ್ನು ಎಷ್ಟು ವರ್ಷ ಬರುತ್ತದೆ. ಗೂಗಲ್ ತನ್ನ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷಗಳ ಭರವಸೆ ಕೊಟ್ಟಿವೆ. ಆ್ಯಪಲ್ ಕೂಡ ಹಳೆಯ ಫೋನುಗಳನ್ನು ಬಹಳ ವರ್ಷ ನೋಡಿಕೊಳ್ಳುತ್ತದೆ. ಬೆಲೆಯನ್ನು ಉಳಿದಿರುವ ಅಪ್‌ಡೇಟ್ ವರ್ಷಗಳಿಂದ ಭಾಗಿಸಿ ನೋಡಿ. ಉದಾಹರಣೆಗೆ ಎರಡೇ ವರ್ಷ ಉಳಿದ 400 ಡಾಲರಿನ ಫೋನ್ ವರ್ಷಕ್ಕೆ 200 ಬೀಳುತ್ತದೆ. ಏಳು ವರ್ಷ ಬರುವ 1,050 ಡಾಲರಿನದು ವರ್ಷಕ್ಕೆ 150. ಅಗ್ಗದ್ದೇ ದುಬಾರಿ.

ಎರಡು, ಇಲ್ಲಿನ ನೆಟ್‌ವರ್ಕಿಗೆ ಅದು ಹೊಂದುತ್ತದೆಯೇ. ವೊಡಾಫೋನ್ ಮೊದಲೇ 3ಜಿ ಮುಚ್ಚಿತ್ತು, ಟೆಲ್‌ಸ್ಟ್ರಾ ಮತ್ತು ಆಪ್ಟಸ್ 2024ರ ಅಕ್ಟೋಬರ್ 28ರಿಂದ ಮುಚ್ಚಿದವು. ಈಗ 4ಜಿ ಮೂಲಕ 000ಗೆ ತುರ್ತು ಕರೆ ಮಾಡಲಾಗದ ಫೋನನ್ನು ನೆಟ್‌ವರ್ಕಿಗೆ ಸೇರಿಸಿಕೊಳ್ಳುವುದೇ ಇಲ್ಲ. ರಜೆಗೆ ಊರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಫೋನ್ ಅಲ್ಲಿ ಚೆನ್ನಾಗಿ ಕೆಲಸ ಮಾಡಿದರೂ ಇಲ್ಲಿ ನಿರಾಕರಣೆಗೆ ಒಳಗಾಗಬಹುದು. ಹಳೆಯ ಮಾದರಿಗಳಿಗೂ ಇದೇ ಗತಿ. 2025ರ ಕೊನೆಯಲ್ಲಿ ಗ್ಯಾಲಕ್ಸಿ ಎಸ್6, ಎಸ್7 ತರಹದ ಕೆಲವು ಹಳೆಯ ಸ್ಯಾಮ್‌ಸಂಗ್ ಫೋನುಗಳನ್ನು ಬದಲಿಸಿ ಎಂದು ಇಲ್ಲಿನ ಕಂಪನಿಗಳೇ ಗ್ರಾಹಕರಿಗೆ ಹೇಳಿದವು. ಕೊಳ್ಳುವ ಮುಂಚೆ ನಿಮ್ಮ ನೆಟ್‌ವರ್ಕ್ ಕಂಪನಿಯ ಬಳಿ ಮಾದರಿ ಸಂಖ್ಯೆ ಕೊಟ್ಟು ಕೇಳಿ.

ಸ್ವಂತ ಉದ್ಯಮ ನಡೆಸುವವರಿಗೆ

ಹ್ಯಾರಿಸ್ ಪಾರ್ಕ್‌ನಲ್ಲಿ ಹೋಟೆಲೋ, ಟಾರ್ನೀಟ್‌ನಲ್ಲಿ ಟ್ಯೂಷನ್ ಸೆಂಟರೋ, ನಾಲ್ಕು ಜನರ ಅಕೌಂಟಿಂಗ್ ಆಫೀಸೋ ನಡೆಸುವವರಿಗೆ ಇದೇ ಪ್ರಶ್ನೆ ತಿರುಗಿ ಬರುತ್ತದೆ. ಅಲ್ಲಿ ನಂಬರ್ ಉದ್ಯಮದ ಹೆಸರಿನಲ್ಲಿ ಇರಬೇಕು, ಉದ್ಯೋಗಿಯ ಹೆಸರಿನಲ್ಲಿ ಅಲ್ಲ. ಗಿರಾಕಿಗಳ ವಾಟ್ಸ್‌ಆಪ್ ಎಲ್ಲ ಮ್ಯಾನೇಜರನ ಸ್ವಂತ ನಂಬರಿನಲ್ಲಿದ್ದರೆ, ಅವನು ಪಕ್ಕದ ಬೀದಿಯಲ್ಲಿ ಅಂಗಡಿ ತೆರೆದ ದಿನ ನಿಮ್ಮ ಗಿರಾಕಿಗಳೂ ಅವನ ಜೊತೆ ಹೋಗುತ್ತಾರೆ.

ಫೋನ್ ಕೊಡುವಾಗ ಅದನ್ನು ಉದ್ಯಮದ ಆ್ಯಪಲ್ ಅಥವಾ ಗೂಗಲ್ ಖಾತೆಯಲ್ಲೇ ಶುರು ಮಾಡಿ. ಉದ್ಯೋಗಿಯ ಸ್ವಂತ ಖಾತೆ ಹಾಕಿದ ಐಫೋನ್, ಅವರು ಕೆಲಸ ಬಿಟ್ಟು ಲಾಕ್ ತೆಗೆಯದೆ ಹೋದರೆ, ಇಟ್ಟಿಗೆಗೆ ಸಮ. ಆ್ಯಪಲ್ ಬಿಸಿನೆಸ್ ಮ್ಯಾನೇಜರ್‌ನಲ್ಲಿ ಫೋನುಗಳನ್ನು ಮೊದಲೇ ನೋಂದಾಯಿಸಿದರೆ ಈ ತಲೆನೋವು ಬರುವುದಿಲ್ಲ, ಅದಕ್ಕೆ ಶುಲ್ಕವೂ ಇಲ್ಲ. ತೆರಿಗೆಯಲ್ಲೂ ಸಣ್ಣ ಉದ್ಯಮಕ್ಕೆ ಅನುಕೂಲ ಇದೆ. ವರ್ಷದ ವಹಿವಾಟು 5 ಕೋಟಿ ಡಾಲರಿಗಿಂತ ಕಡಿಮೆ ಇದ್ದರೆ ಒಬ್ಬರಿಗೇ ಒಂದಕ್ಕಿಂತ ಹೆಚ್ಚು ಕೆಲಸದ ಸಾಧನ ಕೊಟ್ಟರೂ ಎಫ್‌ಬಿಟಿ ವಿನಾಯಿತಿ ಸಿಗುತ್ತದೆ. ವಹಿವಾಟು 1 ಕೋಟಿ ಡಾಲರಿಗಿಂತ ಕಡಿಮೆ ಇದ್ದವರು 2024-25ರಲ್ಲಿ 20,000 ಡಾಲರಿಗಿಂತ ಕಡಿಮೆ ಬೆಲೆಯ ವಸ್ತುವಿನ ಖರ್ಚನ್ನು ಅದೇ ವರ್ಷ ಪೂರ್ತಿ ತೋರಿಸಬಹುದಿತ್ತು. ಈ ಮಿತಿಯನ್ನು ಸರ್ಕಾರ ವರ್ಷ ವರ್ಷ ಮುಂದುವರಿಸುತ್ತ ಬಂದಿರುವುದರಿಂದ, ಕೊಳ್ಳುವ ವರ್ಷದ ನಿಯಮವನ್ನು ನಿಮ್ಮ ಅಕೌಂಟೆಂಟರ ಬಳಿ ಕೇಳಿಕೊಳ್ಳಿ.

ಇನ್ನೊಂದು, ಎಲ್ಲ ಫೋನುಗಳೂ ಒಂದೇ ನೆಟ್‌ವರ್ಕಿನಲ್ಲಿ ಬೇಡ. 2023ರ ನವೆಂಬರ್ 8ರಂದು ಆಪ್ಟಸ್ ಇಡೀ ದೇಶದಲ್ಲಿ ಗಂಟೆಗಟ್ಟಲೆ ಸತ್ತುಬಿದ್ದಾಗ ಸುಮಾರು 1 ಕೋಟಿ ಜನರಿಗೆ ತೊಂದರೆಯಾಯಿತು, ಅಂಗಡಿಗಳಲ್ಲಿ ಕಾರ್ಡ್ ಯಂತ್ರಗಳು ನಿಂತವು. ಒಂದು ಫೋನಿನಲ್ಲಾದರೂ ಬೇರೆ ನೆಟ್‌ವರ್ಕಿನ ಇ-ಸಿಮ್ ಇದ್ದರೆ ಆ ದಿನ ಗಲ್ಲಾಪೆಟ್ಟಿಗೆ ಮುಚ್ಚಬೇಕಾಗಿರಲಿಲ್ಲ.

ಎರಡು ಫೋನ್ ಹೊರುವ ರಗಳೆ

‘ಎರಡೆರಡು ಫೋನ್ ಯಾರು ಹೊರುತ್ತಾರೆ ಮಾರಾಯ್ರೆ’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತು. ಕಂಪನಿ ಒಪ್ಪಿದರೆ ಕಂಪನಿಯ ನಂಬರನ್ನು ನಿಮ್ಮ ಫೋನಿಗೇ ಇ-ಸಿಮ್ ಆಗಿ ಹಾಕಿ, ಆಫೀಸಿನ ಆಪ್‌ಗಳನ್ನು ಪ್ರತ್ಯೇಕ ಕೋಣೆಯಲ್ಲಿಟ್ಟು ಒಂದೇ ಫೋನಿನಲ್ಲಿ ನಿಭಾಯಿಸಬಹುದು. ಅದಕ್ಕೆ ನನ್ನ ತಕರಾರಿಲ್ಲ. ಕಂಪನಿ ಒಪ್ಪದಿದ್ದರೆ ಮಾತ್ರ ಎರಡು ಫೋನ್. ಸ್ವಂತ ಫೋನ್ ಭಾರಿ ಮಾದರಿ ಆಗಬೇಕೆಂದಿಲ್ಲ. 500 ಡಾಲರಿನ ಫೋನ್ ಐದು ವರ್ಷ ಬಂದರೆ ವರ್ಷಕ್ಕೆ 100. ವರ್ಷದ ಪ್ರಿಪೇಯ್ಡ್ ಸಿಮ್‌ಗೆ 200 ಎಂದು ಹಿಡಿಯಿರಿ. ಒಟ್ಟು 300, ವಾರಕ್ಕೆ ಆರು ಡಾಲರಿಗಿಂತ ಕಡಿಮೆ. ಸ್ಟೇಷನ್ ಪಕ್ಕದ ಅಂಗಡಿಯ ಒಂದು ಕಾಫಿ ಬಿಟ್ಟರೆ ಆಯಿತು. ನಾವು ಕಾರಿಗೆ, ಮನೆಗೆ, ಜೀವಕ್ಕೆ ವಿಮೆ ಮಾಡಿಸುವಾಗ ಇದಕ್ಕಿಂತ ಎಷ್ಟೋ ಹೆಚ್ಚು ಕಟ್ಟುತ್ತೇವೆ.

ಈಗಾಗಲೇ ಕಂಪನಿಯ ನಂಬರನ್ನೇ ಎಲ್ಲ ಕಡೆ ಕೊಟ್ಟಿದ್ದೀರಾ? ಗಾಬರಿ ಬೇಡ, ಕೆಲಸ ಗಟ್ಟಿಯಾಗಿರುವಾಗಲೇ ಬದಲಿಸಿ. ಈ ಶನಿವಾರ ಒಂದು ಗಂಟೆ ಕೂತು ಪಟ್ಟಿ ಮಾಡಿ. ಮೊದಲು ಇಲ್ಲಿನ ಬ್ಯಾಂಕ್, ಆಮೇಲೆ ಮೈಗವ್ ಮತ್ತು ಮೈಐಡಿ, ಸೂಪರ್, ಷೇರು ಖಾತೆ, ವೀಸಾ ಖಾತೆ, ಇಮೇಲಿನ ರಿಕವರಿ ನಂಬರ್, ಕೊನೆಗೆ ಊರಿನ ಬ್ಯಾಂಕ್. ಊರಿನ ಬ್ಯಾಂಕಿಗೆ ಅರ್ಜಿ, ಸಹಿ, ಕೊರಿಯರ್ ಬೇಕಾಗಬಹುದು, ಆದ್ದರಿಂದ ಅದನ್ನು ಪಟ್ಟಿಯಲ್ಲಿ ಕೊನೆಗೆ ಬರೆದರೂ ಆ ಅರ್ಜಿಯನ್ನು ಮೊದಲ ದಿನವೇ ಕಳಿಸಿ. ಅಥೆಂಟಿಕೇಟರ್ ಆಪ್ ಕಂಪನಿಯ ಫೋನಿನಲ್ಲಿದ್ದರೆ ಸ್ವಂತ ಫೋನಿಗೆ ಸಾಗಿಸಿ, ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಹೆಂಡತಿಗೋ ಗಂಡನಿಗೋ ಆ ಕಾಗದ ಎಲ್ಲಿದೆ ಎಂದು ಹೇಳಿ.

ಎಂದಿನಂತೆ ಒಂದು ಸೂಚನೆ. ಇದು ಸಾಮಾನ್ಯ ಮಾಹಿತಿ ಮತ್ತು ನನ್ನ ಅಭಿಪ್ರಾಯ, ನಿಮ್ಮೊಬ್ಬರ ಪರಿಸ್ಥಿತಿ ನೋಡಿ ಕೊಟ್ಟ ಸಲಹೆಯಲ್ಲ. ತೆರಿಗೆಯ ಅಂಕಿಗಳನ್ನು ರಿಟರ್ನ್ ಸಲ್ಲಿಸುವ ಮುಂಚೆ ನಿಮ್ಮ ಟ್ಯಾಕ್ಸ್ ಏಜೆಂಟರ ಜೊತೆ ಒಮ್ಮೆ ನೋಡಿಕೊಳ್ಳಿ.